ಸ್ಪೋರ್ಟ್ಸ್ ಕಾರಿಗೆ ಹೊಸ ಟೈರ್: ನಾಲ್ಕು ವರ್ಗಗಳಲ್ಲಿ ನಿಮಗೆ ಹೊಂದುವುದು ಯಾವುದು?

ಸ್ಪೋರ್ಟ್ಸ್ ಕಾರಿನ ಟೈರುಗಳು ಸವೆದು ಹೊಸದನ್ನು ಹಾಕಿಸುವ ಹೊತ್ತು ಬಂದಾಗ ಹೆಚ್ಚಿನವರ ಮುಂದೆ ಮೂರು ನಾಲ್ಕು ಹೆಸರುಗಳು ಉಳಿದಿರುತ್ತವೆ. ಕಾರಿನ ಜೊತೆ ಬಂದ ಟೈರನ್ನೇ ಮತ್ತೆ ಹಾಕಿಸಬೇಕೆ, ಎಲ್ಲ ಹವೆಗೂ ಒಂದೇ ಎಂದು ಮಾಡಿದ, ಹೆಚ್ಚು ಕಾಲ ಬಾಳುವ ಆಲ್-ಸೀಸನ್ ಟೈರಿಗೆ ಇಳಿಯಬೇಕೆ, ಅಥವಾ ಟ್ರ್ಯಾಕಿಗೆ ಹೋಗಿಬರುವ ಗೆಳೆಯರು ಹೊಗಳುವ ಜಿಗುಟು ರಬ್ಬರಿನ ಟೈರಿಗೆ ಏರಬೇಕೆ ಎಂಬ ಗೊಂದಲದಲ್ಲಿ ಓದುಗರು ಸಿಲುಕಿರುತ್ತಾರೆ. ಈ ಲೇಖನ ಒಂದೇ ಒಂದು ಟೈರನ್ನು ಗೆಲ್ಲಿಸುವುದಿಲ್ಲ. ಯಾವ ಅಂಶಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಆಮೇಲೆ ಒಂದೊಂದು ವರ್ಗವನ್ನೂ ಅದರ ಮೇಲೆ ಒರೆಹಚ್ಚಿ ನೋಡುತ್ತದೆ.

ಟೈರ್ ಹುಡುಕುವವರು ಸಾಮಾನ್ಯವಾಗಿ ಒಣ ರಸ್ತೆಯ ಹಿಡಿತದಿಂದ ಆರಂಭಿಸುತ್ತಾರೆ. ಯಾವ ಟೈರು ಟ್ರ್ಯಾಕಿನಲ್ಲಿ ಅರ್ಧ ಸೆಕೆಂಡು ಮೊದಲೇ ಸುತ್ತು ಮುಗಿಸಿತು ಎಂಬುದನ್ನು ನೋಡಿ, ಉಳಿದದ್ದನ್ನೆಲ್ಲ ಅದರ ಹಿಂದೆ ಸಾಲಾಗಿ ನಿಲ್ಲಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಕೊನೆಯಲ್ಲಿ ನೋಡಬೇಕಾದ ಅಂಶ. ಇಂದಿನ ಒಳ್ಳೆಯ ಸಮ್ಮರ್ ಟೈರಿನ (ಬೆಚ್ಚನೆಯ ಹವೆಗೆಂದೇ ಮಾಡಿದ ಟೈರಿನ) ಒಣ ಹಿಡಿತದ ಎಲ್ಲೆಯನ್ನು ಸಾರ್ವಜನಿಕ ರಸ್ತೆಯಲ್ಲಿ ಮುಟ್ಟುವ ಸಂದರ್ಭ ವಿವೇಕವುಳ್ಳ ಚಾಲಕನಿಗೆ ತೀರ ಅಪರೂಪ. ತಣ್ಣನೆಯ ಮುಂಜಾವು, ಅನಿರೀಕ್ಷಿತ ಮಳೆ, ಅರ್ಧ ಸವೆದ ಟ್ರೆಡ್ (ರಸ್ತೆಗೆ ತಾಗುವ, ತೋಡುಗಳಿರುವ ಮೈ), ಗಂಟೆಗಟ್ಟಲೆ ಹೆದ್ದಾರಿಯ ಓಟ ಇವು ಮಾತ್ರ ಎಲ್ಲರಿಗೂ ಎದುರಾಗುತ್ತವೆ. ಟೈರನ್ನು ಕಾರಿನ ಅತ್ಯುತ್ತಮ ದಿನಕ್ಕಾಗಿ ಕೊಳ್ಳದೆ, ಆ ಕಾರಿನಲ್ಲಿ ನೀವು ನಿಜಕ್ಕೂ ಹೊರಗೆ ಹೋಗುವ ಅತ್ಯಂತ ಕೆಟ್ಟ ದಿನಕ್ಕಾಗಿ ಕೊಳ್ಳಬೇಕು ಎಂಬ ನಿಲುವಿನ ಮೇಲೆಯೇ ಮುಂದಿನ ಹೋಲಿಕೆ ನಿಂತಿದೆ.

ಅಳತೆಗೋಲುಗಳು

ಮೊದಲನೆಯದು ತಾಪಮಾನ. ರಬ್ಬರು ರಸ್ತೆಯನ್ನು ಹಿಡಿಯುವುದು ಎರಡು ಬಗೆಯಲ್ಲಿ: ಒಂದು, ಡಾಂಬರಿನ ಕಲ್ಲುಹರಳುಗಳ ನಡುವೆ ಇಳಿದು, ಹಿಗ್ಗಿ ಕುಗ್ಗಿ, ಆ ಚಲನೆಯಲ್ಲಿ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಇನ್ನೊಂದು, ಮೇಲ್ಮೈಗೆ ನೇರವಾಗಿ ಅಂಟಿಕೊಳ್ಳುವುದರಿಂದ. ರಬ್ಬರು ಮೃದುವಾಗಿದ್ದಾಗ ಮಾತ್ರ ಇವೆರಡೂ ಚೆನ್ನಾಗಿ ನಡೆಯುತ್ತವೆ. ಸಮ್ಮರ್ ಟೈರಿನ ಮಿಶ್ರಣ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತ ಹೋಗುತ್ತದೆ. ನೀರು ಹೆಪ್ಪುಗಟ್ಟುವಂಥ ಚಳಿಯಲ್ಲಿ ಅದನ್ನು ಓಡಿಸಿದರೆ ಹಿಡಿತ ಕುಸಿಯುವುದಷ್ಟೇ ಅಲ್ಲ, ಟ್ರೆಡ್ಡಿನ ರಬ್ಬರು ಬಿರುಕು ಬಿಡಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ. ಆದ್ದರಿಂದ ಕಾರು ವರ್ಷದ ಯಾವ ತಿಂಗಳುಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ ಹೊರಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ ಅರ್ಧದಷ್ಟು ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಎರಡನೆಯದು ನೀರು. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯುವ ತಪ್ಪು ಬಹಳ ಸಾಮಾನ್ಯ. ತೇವಗೊಂಡ ರಸ್ತೆಯ ಮೇಲಿನ ಹಿಡಿತ ಮುಖ್ಯವಾಗಿ ರಬ್ಬರಿನ ಮಿಶ್ರಣದಿಂದ ಬರುತ್ತದೆ. 1990ರ ದಶಕದಿಂದ ಟ್ರೆಡ್ಡಿಗೆ ಹೆಚ್ಚಾಗಿ ಸೇರತೊಡಗಿದ ಸಿಲಿಕಾ, ಉರುಳುವಾಗಿನ ಪ್ರತಿರೋಧವನ್ನು ಹೆಚ್ಚಿಸದೆ ಈ ಹಿಡಿತವನ್ನು ಬಹಳ ಮೇಲಕ್ಕೆ ಒಯ್ದಿತು. ನಿಂತ ನೀರಿನ ಮೇಲೆ ಟೈರು ತೇಲದಂತೆ ತಡೆಯುವುದು ಬೇರೆಯೇ ಕೆಲಸ; ಅದು ಟ್ರೆಡ್ಡಿನ ತೋಡುಗಳ ಆಳ, ಅಗಲ ಮತ್ತು ಗಾಳಿಯ ಒತ್ತಡವನ್ನು ಅವಲಂಬಿಸಿದೆ. ಹದವಾದ ತೇವದಲ್ಲಿ ಅದ್ಭುತವಾಗಿ ಬ್ರೇಕ್ ಹಿಡಿಯುವ ಟೈರು ನೀರು ನಿಂತ ಹೆದ್ದಾರಿಯಲ್ಲಿ ಬೇಗನೆ ತೇಲಿಬಿಡಬಹುದು. ಟೈರು ಅಗಲವಾದಷ್ಟೂ ಈ ಅಪಾಯ ಹೆಚ್ಚು, ಮತ್ತು ಸ್ಪೋರ್ಟ್ಸ್ ಕಾರುಗಳ ಟೈರುಗಳು ಅಗಲವಾಗಿಯೇ ಇರುತ್ತವೆ.

ಮೂರನೆಯದು ಸ್ಟಿಯರಿಂಗಿನ ಸ್ಪಂದನೆ ಮತ್ತು ಹಿಡಿತ ಬಿಡುವ ರೀತಿ. ಕೆಲವು ಟೈರುಗಳು ಎಲ್ಲೆ ಹತ್ತಿರವಾಗುತ್ತಿದೆ ಎಂಬುದನ್ನು ಸ್ಟಿಯರಿಂಗಿನ ಮೂಲಕವೂ ಸಣ್ಣ ಕೀರಲು ಸದ್ದಿನ ಮೂಲಕವೂ ಮುಂಚೆಯೇ ತಿಳಿಸಿ, ನಿಧಾನವಾಗಿ ಜಾರುತ್ತವೆ. ಇನ್ನು ಕೆಲವು ಕೊನೆಯ ಗಳಿಗೆಯವರೆಗೂ ಗಟ್ಟಿಯಾಗಿ ಹಿಡಿದು ಥಟ್ಟನೆ ಬಿಡುತ್ತವೆ. ಸಂಖ್ಯೆಗಳಲ್ಲಿ ಇವೆರಡೂ ಒಂದೇ ಆಗಿ ಕಾಣಬಹುದು; ಚಾಲಕನ ಕೈಗೆ ಮಾತ್ರ ಅಜಗಜಾಂತರ.

ನಾಲ್ಕನೆಯದು ಬಾಳಿಕೆ ಮತ್ತು ಅದರ ಜೊತೆಗೆ ಬರುವ ಹಣದ ಲೆಕ್ಕ. ಐದನೆಯದು ಸದ್ದು ಮತ್ತು ಸವಾರಿಯ ಸುಖ. ಇವೆರಡರ ವಿವರ ಮುಂದೆ ಬರುತ್ತದೆ. ಒಣ ರಸ್ತೆಯ ಗರಿಷ್ಠ ಹಿಡಿತ ಇವೆಲ್ಲದರ ನಂತರ.

ಟೈರಿನ ಮೈಮೇಲಿನ ಅಂಕಿಗಳು ಎಷ್ಟು ಹೇಳುತ್ತವೆ

245/40 ಆರ್18 97ವೈ ಎಂದಿದ್ದರೆ, ಟೈರಿನ ಅಗಲ 245 ಮಿಲಿಮೀಟರ್, ಸೈಡ್‌ವಾಲಿನ, ಅಂದರೆ ಟೈರಿನ ಪಕ್ಕದ ಗೋಡೆಯ, ಎತ್ತರ ಆ ಅಗಲದ ಶೇಕಡಾ 40, ಅಂದರೆ 98 ಮಿಲಿಮೀಟರ್, ರಿಮ್ಮಿನ ವ್ಯಾಸ 18 ಇಂಚು. 97 ಎಂಬುದು ಒಂದು ಟೈರು ಹೊರಬಲ್ಲ ಭಾರದ ಸೂಚಿ, 730 ಕಿಲೋಗ್ರಾಂ. ವೈ ಎಂದರೆ ಗಂಟೆಗೆ 300 ಕಿಲೋಮೀಟರ್‌ವರೆಗಿನ ವೇಗಕ್ಕೆ ಅರ್ಹ. ಡಬ್ಲ್ಯೂ ಇದ್ದರೆ 270, ವಿ ಇದ್ದರೆ 240. ಕಾರಿನ ಕೈಪಿಡಿ ಹೇಳುವ ಭಾರ ಮತ್ತು ವೇಗದ ಸೂಚಿಗಿಂತ ಕೆಳಗಿನ ಟೈರನ್ನು ಬೆಲೆ ಕಡಿಮೆಯೆಂಬ ಕಾರಣಕ್ಕೆ ಎಂದಿಗೂ ಹಾಕಿಸಬಾರದು. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ.

ಅಮೆರಿಕದಲ್ಲಿ ಮಾರಾಟವಾಗುವ ಟೈರುಗಳ ಮೇಲೆ ಯುಟಿಕ್ಯುಜಿ ಎಂಬ ದರ್ಜೆ ಇರುತ್ತದೆ: ಟ್ರೆಡ್‌ವೇರ್ ಅಂಕ, ಟ್ರ್ಯಾಕ್ಷನ್ ಅಕ್ಷರ, ತಾಪ ತಡೆಯುವ ಅಕ್ಷರ. ಟ್ರೆಡ್‌ವೇರ್ ಅಂಕ ಹೆಚ್ಚಿದ್ದಷ್ಟೂ ಬಾಳಿಕೆ ಹೆಚ್ಚೆಂದು ಭಾವಿಸುವುದು ಸ್ಥೂಲವಾಗಿ ಸರಿ. ಆದರೆ ಈ ಪರೀಕ್ಷೆ ಸುಮಾರು 11,600 ಕಿಲೋಮೀಟರ್ ಮಾತ್ರ ಓಡಿಸಿ, ಒಂದು ಮಾದರಿ ಟೈರಿನೊಡನೆ ಹೋಲಿಸಿ, ಉಳಿದ ಬಾಳಿಕೆಯನ್ನು ಅಂದಾಜು ಮಾಡುವಂಥದ್ದು. ಅಂಕವನ್ನು ಕೊಟ್ಟುಕೊಳ್ಳುವವರೂ ತಯಾರಕರೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಅದು ಉಪಯುಕ್ತ. ಬೇರೆ ಬೇರೆ ಕಂಪನಿಗಳ 300 ಮತ್ತು 340ರ ನಡುವೆ ಅರ್ಥ ಹುಡುಕುವುದು ವ್ಯರ್ಥ. ಟ್ರ್ಯಾಕ್ಷನ್ ಅಕ್ಷರ ಒದ್ದೆ ನೆಲದ ಮೇಲೆ ನೇರವಾಗಿ, ಚಕ್ರ ಲಾಕ್ ಆದಾಗಿನ ಹಿಡಿತವನ್ನಷ್ಟೇ ಅಳೆಯುತ್ತದೆ, ತಿರುವಿನ ಹಿಡಿತವನ್ನಲ್ಲ. ಯೂರೋಪಿನ ಲೇಬಲ್ಲು 2021ರ ಮೇ ತಿಂಗಳಿಂದ ಎ ಇಂದ ಇ ವರೆಗೆ ಐದು ದರ್ಜೆಗಳಲ್ಲಿ ಇಂಧನ ದಕ್ಷತೆ ಮತ್ತು ಒದ್ದೆ ಹಿಡಿತವನ್ನೂ, ಡೆಸಿಬೆಲ್‌ನಲ್ಲಿ ಹೊರಗಿನ ಸದ್ದನ್ನೂ ಹೇಳುತ್ತದೆ. ಒದ್ದೆ ಹಿಡಿತದ ದರ್ಜೆ ನನಗೆ ಇವೆಲ್ಲದರಲ್ಲಿ ಹೆಚ್ಚು ಕೆಲಸಕ್ಕೆ ಬರುವಂಥದ್ದಾಗಿ ಕಾಣುತ್ತದೆ. ಸದ್ದಿನ ಅಂಕಿ ಮಾತ್ರ ಕಾರಿನ ಹೊರಗೆ ಅಳೆದದ್ದು, ಒಳಗೆ ಕೂತವರ ಕಿವಿಗೆ ಕೇಳುವುದು ಬೇರೆ.

ಆಲ್-ಸೀಸನ್ ವರ್ಗ

ಮಿಶಲಿನ್ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4, ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಡಿಡಬ್ಲ್ಯುಎಸ್06 ಪ್ಲಸ್ ಈ ವರ್ಗದ ಪರಿಚಿತ ಹೆಸರುಗಳು. ಇವುಗಳ ಟ್ರೆಡ್‌ವೇರ್ ಅಂಕ ಕ್ರಮವಾಗಿ 540 ಮತ್ತು 560. ಸಮ್ಮರ್ ಟೈರುಗಳದ್ದು 300ರ ಆಸುಪಾಸು. ಚಳಿಯಲ್ಲೂ ರಬ್ಬರು ಬಿರುಸಾಗದೆ ಉಳಿಯುತ್ತದೆ, ತೆಳುವಾದ ಹಿಮದಲ್ಲೂ ಕಾರು ಹೇಗೋ ಮುಂದೆ ಸಾಗುತ್ತದೆ, ಬಾಳಿಕೆ ಗಣನೀಯವಾಗಿ ಹೆಚ್ಚು. ಕಾರು ಒಂದೇ ಇದ್ದು, ಅದನ್ನೇ ವರ್ಷವಿಡೀ ಎಲ್ಲ ಹವೆಯಲ್ಲೂ ಕೆಲಸಕ್ಕೆ ಒಯ್ಯುವವರಿಗೆ ಇದು ನಾಚಿಕೆಪಡುವ ಆಯ್ಕೆಯಲ್ಲ.

ಆದರೆ ಬೆಚ್ಚನೆಯ ದಿನಗಳಲ್ಲಿ ತೆರಬೇಕಾದ ಬೆಲೆ ಇದೆ. ಚಳಿಗಾಗಿ ಟ್ರೆಡ್ ಬ್ಲಾಕುಗಳಲ್ಲಿ ಕೊರೆದ ಸಣ್ಣ ಸೀಳುಗಳು ಆ ಬ್ಲಾಕುಗಳನ್ನು ಬಳುಕುವಂತೆ ಮಾಡುತ್ತವೆ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರಿನ ಮೂತಿ ತಿರುಗದೆ, ಒಂದು ಕ್ಷಣ ತಡೆದು ತಿರುಗಿದಂತೆ ಅನಿಸುತ್ತದೆ. ಬಿಸಿಲಿನಲ್ಲಿ ಬ್ರೇಕ್ ದೂರ ಹೆಚ್ಚುತ್ತದೆ. ಹಗುರವಾದ, ಸ್ಪಂದನೆಗಾಗಿಯೇ ಕೊಂಡ ಕಾರಿನಲ್ಲಿ ಈ ನಷ್ಟ ಎದ್ದು ಕಾಣುತ್ತದೆ. ಭಾರವಾದ, ದೂರ ಪ್ರಯಾಣಕ್ಕೆ ಬಳಸುವ ಕೂಪೆಯಲ್ಲಿ ಅಷ್ಟಾಗಿ ಕಾಡುವುದಿಲ್ಲ. ಚಳಿಯೇ ಇಲ್ಲದ ಪ್ರದೇಶದಲ್ಲಿ ಇದ್ದುಕೊಂಡು ಕೇವಲ ಬಾಳಿಕೆಗಾಗಿ ಇದನ್ನು ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ನೀವು ಬಳಸದ ಗುಣಕ್ಕಾಗಿ ಬಳಸುವ ಗುಣವನ್ನು ಕೊಟ್ಟುಬಿಟ್ಟಂತಾಗುತ್ತದೆ. ಇನ್ನು ನಿಜವಾದ ಹಿಮಗಾಲ ಇರುವ ಕಡೆ, ಸಮ್ಮರ್ ಟೈರಿನ ಒಂದು ಸೆಟ್, ವಿಂಟರ್ ಟೈರಿನ ಇನ್ನೊಂದು ಸೆಟ್ ಇಟ್ಟುಕೊಳ್ಳುವುದೇ ಸರಿ. ಒಂದು ಓಡುವಾಗ ಇನ್ನೊಂದು ಸವೆಯುವುದಿಲ್ಲವಾದ್ದರಿಂದ ಮೊದಲ ಖರ್ಚು ಕಂಡಷ್ಟು ಭಾರವಲ್ಲ.

ರಸ್ತೆಯ ಸಮ್ಮರ್ ವರ್ಗ

ಸ್ಪೋರ್ಟ್ಸ್ ಕಾರಿನ ಬಹುಪಾಲು ಮಾಲೀಕರಿಗೆ ಉತ್ತರ ಇಲ್ಲೇ ಇದೆ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. 2017ರಲ್ಲಿ ಬಂದ ಮಿಶಲಿನ್ ಪೈಲಟ್ ಸ್ಪೋರ್ಟ್ 4ಎಸ್, 2021ರಲ್ಲಿ ಬಂದ ಬ್ರಿಜ್‌ಸ್ಟೋನ್ ಪೊಟೆನ್ಜಾ ಸ್ಪೋರ್ಟ್ ಮತ್ತು ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7, ಉತ್ತರ ಅಮೆರಿಕದಲ್ಲಿ ಸಿಗುವ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಸ್ಪೋರ್ಟ್ 02, ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್ ಸಾಲು, ಪಿರೆಲ್ಲಿ ಪಿ ಝೀರೋ, ಯೊಕೊಹಾಮಾ ಅಡ್ವಾನ್ ಸ್ಪೋರ್ಟ್ ಇವೆಲ್ಲ ಈ ವರ್ಗದವು. ಹೊಸದಾಗಿದ್ದಾಗ ಟ್ರೆಡ್ಡಿನ ಆಳ ಸುಮಾರು ಏಳೂವರೆ ಮಿಲಿಮೀಟರ್. ಹತ್ತು ಹನ್ನೆರಡು ಡಿಗ್ರಿಯಿಂದ ಮೇಲೆ ಒಣಗಿದ್ದರೂ ಒದ್ದೆಯಿದ್ದರೂ ಇವು ನಂಬಿಕೆಗೆ ಅರ್ಹ. ಬೆಚ್ಚಗಿನ ಮಳೆಯಲ್ಲಿ ಆಲ್-ಸೀಸನ್ ಟೈರಿಗಿಂತಲೂ ಬೇಗ ಕಾರನ್ನು ನಿಲ್ಲಿಸುತ್ತವೆ. ಮಳೆಗೆ ಆಲ್-ಸೀಸನ್ ಟೈರೇ ವಾಸಿ ಎಂಬ ನಂಬಿಕೆಯನ್ನು ಇಲ್ಲಿಯೇ ಬಿಟ್ಟುಬಿಡಬಹುದು.

ಈ ಗುಂಪಿನೊಳಗಿನ ವ್ಯತ್ಯಾಸಗಳು ಹಿಡಿತದ ಪ್ರಮಾಣಕ್ಕಿಂತ ಸ್ವಭಾವಕ್ಕೆ ಸೇರಿದವು. ಪೈಲಟ್ ಸ್ಪೋರ್ಟ್ 4ಎಸ್ ಯಾವುದರಲ್ಲೂ ಅತಿಗೆ ಹೋಗದ ಟೈರು: ಒಣ, ಒದ್ದೆ, ಬಾಳಿಕೆ ಮೂರೂ ಮೇಲ್ಮಟ್ಟದಲ್ಲಿದ್ದು, ಎಲ್ಲೆಯ ಬಳಿ ನಿಧಾನವಾಗಿ ಜಾರುತ್ತದೆ. ಸ್ಟಿಯರಿಂಗಿನ ಮೊದಲ ಹೊರಳು ಮಾತ್ರ ಎಲ್ಲರಿಗಿಂತ ಚುರುಕೆಂದು ಹೇಳಲಾಗದು. ಆ ಚುರುಕು ಬೇಕೆಂದರೆ ಪೊಟೆನ್ಜಾ ಸ್ಪೋರ್ಟ್. ಅದರ ಸೈಡ್‌ವಾಲ್ ಗಟ್ಟಿ, ಮಧ್ಯಬಿಂದುವಿನಿಂದ ಸ್ವಲ್ಪವೇ ತಿರುಗಿಸಿದರೂ ಕಾರು ಸ್ಪಂದಿಸುತ್ತದೆ. ಬದಲಿಗೆ ಅದು ಮಿಶಲಿನ್‌ಗಿಂತ ಬೇಗ ಸವೆಯುತ್ತದೆ ಮತ್ತು ಹೊಂಡಗಳನ್ನು ಹೆಚ್ಚು ತೋರಿಸಿಕೊಡುತ್ತದೆ. ಸ್ಪೋರ್ಟ್‌ಕಾಂಟ್ಯಾಕ್ಟ್ 7ರ ಬಲ ಒದ್ದೆ ರಸ್ತೆ ಮತ್ತು ಬ್ರೇಕ್ ದೂರ. ಸಣ್ಣ ಕಾರಿನಿಂದ ಸೂಪರ್‌ಕಾರಿನವರೆಗೆ ವಾಹನದ ವರ್ಗಕ್ಕೆ ತಕ್ಕಂತೆ ಅದರ ವಿನ್ಯಾಸವನ್ನು ಕಂಪನಿ ಹೊಂದಿಸಿದೆ. ಗುಡ್‌ಇಯರ್‌ನ ಅಸಿಮೆಟ್ರಿಕ್ ಟೈರುಗಳು ಮೃದುವಾದ ಸವಾರಿಯತ್ತ ವಾಲುತ್ತವೆ; ಒರಟು ರಸ್ತೆಯಲ್ಲಿ ದಿನವೂ ಓಡುವ ಕಾರಿಗೆ ಅದು ಗುಣವೇ. ಪಿ ಝೀರೋ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಕಷ್ಟ, ಏಕೆಂದರೆ ಒಂದೊಂದು ಕಾರು ಕಂಪನಿಗೂ ಪಿರೆಲ್ಲಿ ಬೇರೆ ಬೇರೆ ಆವೃತ್ತಿ ಮಾಡಿಕೊಡುತ್ತದೆ. ಒಬ್ಬರ ಕಾರಿನ ಪಿ ಝೀರೋ ಬಗ್ಗೆ ಓದಿದ ಹೊಗಳಿಕೆಯೋ ದೂರೋ ನಿಮ್ಮ ಕಾರಿನದಕ್ಕೆ ಅನ್ವಯಿಸಬೇಕೆಂದಿಲ್ಲ.

ಹೆಸರುಗಳ ಗೊಂದಲದ ಬಗ್ಗೆಯೂ ಒಂದು ಮಾತು. ಪೈಲಟ್ ಸ್ಪೋರ್ಟ್ 5 ಎಂಬುದನ್ನು ನೋಡಿದವರು ಅದು 4ಎಸ್‌ನ ಮುಂದಿನ ಪೀಳಿಗೆಯೆಂದು ತಿಳಿಯುತ್ತಾರೆ. ಅದು ವಾಸ್ತವದಲ್ಲಿ ಒಂದು ಮೆಟ್ಟಿಲು ಕೆಳಗಿನ, ಎಸ್ ಇಲ್ಲದ ಪೈಲಟ್ ಸ್ಪೋರ್ಟ್ 4ರ ಜಾಗಕ್ಕೆ ಬಂದದ್ದು. ಬಾಳಿಕೆ ಮತ್ತು ದಿನಬಳಕೆಗೆ ಹೆಚ್ಚು ಒತ್ತು ಕೊಟ್ಟ ಟೈರು. ಕಡಿಮೆ ಶಕ್ತಿಯ, ಹಗುರವಾದ ಕಾರಿಗೆ ಅದೇ ಸಾಕು, ಹಣವೂ ಉಳಿಯುತ್ತದೆ. ಐದುನೂರು ಅಶ್ವಶಕ್ತಿಯ ಕಾರಿಗೆ 4ಎಸ್ ಎಂದುಕೊಂಡು ಅದನ್ನು ತಂದರೆ ನಿರಾಸೆಯಾದೀತು.

200 ಅಂಕದ ಜಿಗುಟು ಟೈರುಗಳು

ಬ್ರಿಜ್‌ಸ್ಟೋನ್ ಪೊಟೆನ್ಜಾ ಆರ್‌ಇ-71ಆರ್‌ಎಸ್, ಯೊಕೊಹಾಮಾ ಅಡ್ವಾನ್ ನಿಯೋವಾ ಎಡಿ09, ಹ್ಯಾಂಕುಕ್ ವೆಂಟಸ್ ಆರ್‌ಎಸ್4, ಫಾಲ್ಕನ್ ಅಜೆನಿಸ್ ಆರ್‌ಟಿ660 ಮೊದಲಾದವುಗಳ ಮೇಲೆ 200 ಎಂಬ ಅಂಕವೇ ಕಾಣುವುದು ಆಕಸ್ಮಿಕವಲ್ಲ. ಅಮೆರಿಕದ ಎಸ್‌ಸಿಸಿಎ ಎಂಬ ಮೋಟಾರ್ ಕ್ರೀಡಾ ಸಂಸ್ಥೆ ನಡೆಸುವ, ಕೋನುಗಳ ನಡುವೆ ಒಬ್ಬೊಬ್ಬರಾಗಿ ಸಮಯ ಅಳೆದು ಓಡಿಸುವ ಆಟೋಕ್ರಾಸ್‌ನ ಸ್ಟ್ರೀಟ್ ವರ್ಗಗಳಲ್ಲಿ ಟ್ರೆಡ್‌ವೇರ್ ಕನಿಷ್ಠ 200 ಇರಬೇಕೆಂಬ ನಿಯಮವಿದ್ದು, ತಯಾರಕರು ಆ ಗೆರೆಯನ್ನು ಮುಟ್ಟುವಂತೆ ಟೈರು ಮಾಡಿ ಆ ಅಂಕವನ್ನು ಅಚ್ಚುಹಾಕುತ್ತಾರೆ. ಆದ್ದರಿಂದ ಒಂದೇ 200 ಹೊತ್ತ ಎರಡು ಟೈರುಗಳ ಬಾಳಿಕೆಯಲ್ಲಿ ಬಹಳ ಅಂತರ ಇರಬಹುದು. ಆರ್‌ಇ-71ಆರ್‌ಎಸ್ ಬೇಗ ಬಿಸಿಯಾಗಿ ಮೊದಲ ಸುತ್ತಿನಲ್ಲೇ ಹಿಡಿಯುತ್ತದೆ, ಬೇಗ ತೀರುತ್ತದೆ. ಆರ್‌ಎಸ್4 ನಿಧಾನವಾಗಿ ಕಾವೇರುತ್ತದೆ, ಆದರೆ ದೀರ್ಘ ಓಟದ ಬಿಸಿಯನ್ನು ತಾಳಿಕೊಂಡು ಹೆಚ್ಚು ಕಾಲ ಬಾಳುತ್ತದೆ.

ಒಣ, ಬಿಸಿ ರಸ್ತೆಯಲ್ಲಿ ಈ ವರ್ಗದ ಹಿಡಿತ ಸಮ್ಮರ್ ವರ್ಗಕ್ಕಿಂತ ಸ್ಪಷ್ಟವಾಗಿ ಮೇಲು. ಇದರಲ್ಲಿ ವಾದವಿಲ್ಲ. ಆದರೆ ಮನೆಯಿಂದ ಹೊರಟು ಮಾರುಕಟ್ಟೆಗೆ ಹೋಗುವ ಹತ್ತು ನಿಮಿಷದಲ್ಲಿ ಈ ರಬ್ಬರು ಕೆಲಸ ಮಾಡುವ ಬಿಸಿಗೆ ಏರುವುದಿಲ್ಲ. ಬ್ಲಾಕುಗಳು ದೊಡ್ಡವು, ತೋಡುಗಳು ಕಡಿಮೆ. ಬೆಚ್ಚಗಿನ ತೇವದಲ್ಲಿ ಹಿಡಿತ ಚೆನ್ನಾಗಿದ್ದರೂ ನೀರು ನಿಂತ ಕಡೆ ಬೇಗ ತೇಲುತ್ತವೆ. ಜಿಗುಟು ಮೈ ರಸ್ತೆಯ ಸಣ್ಣ ಕಲ್ಲುಗಳನ್ನೆಲ್ಲ ಎತ್ತಿ ಚಕ್ರದ ಕಮಾನಿನೊಳಗೆ ಎಸೆಯುತ್ತ ಹೋಗುತ್ತದೆ. ಸವೆಯುತ್ತ ಬಂದಂತೆ ಸದ್ದು ಏರುತ್ತದೆ, ಹೆದ್ದಾರಿಯಲ್ಲಿ ಮಾತು ಕೇಳಿಸದಷ್ಟು. ವರ್ಷಕ್ಕೆ ಹಲವು ಬಾರಿ ಟ್ರ್ಯಾಕಿಗೋ ಆಟೋಕ್ರಾಸಿಗೋ ಹೋಗುವವರಿಗೆ ಇವೆಲ್ಲ ಸಹಿಸಬಹುದಾದ ಕಷ್ಟಗಳು, ಏಕೆಂದರೆ ಸಾಮಾನ್ಯ ಸಮ್ಮರ್ ಟೈರು ಟ್ರ್ಯಾಕಿನಲ್ಲಿ ನಾಲ್ಕೈದು ಬಿರುಸಿನ ಸುತ್ತುಗಳಲ್ಲೇ ಬಿಸಿಯಾಗಿ ಜಾರತೊಡಗುತ್ತದೆ, ಅದರ ಹೊರ ಅಂಚು ಹರಿದುಹೋಗುತ್ತದೆ. ಟ್ರ್ಯಾಕಿಗೆ ಹೋಗದವರು ಇದನ್ನು ಹಾಕಿಸುವುದು ಊರೊಳಗೆ ನಡೆಯಲು ಓಟಗಾರರ ಮೊಳೆ ಶೂ ತೊಟ್ಟಂತೆ.

ಟ್ರ್ಯಾಕಿಗೇ ಹತ್ತಿರದವು

ಮಿಶಲಿನ್ ಪೈಲಟ್ ಸ್ಪೋರ್ಟ್ ಕಪ್ 2, ಪಿರೆಲ್ಲಿ ಪಿ ಝೀರೋ ಟ್ರೋಫಿಯೋ ಸಾಲು, ಟೊಯೊ ಪ್ರಾಕ್ಸೆಸ್ ಆರ್888ಆರ್ ರಸ್ತೆಯಲ್ಲಿ ಓಡಿಸಲು ಕಾನೂನಿನ ಅನುಮತಿ ಇರುವ, ಆದರೆ ಮನಸ್ಸೆಲ್ಲ ಟ್ರ್ಯಾಕಿನಲ್ಲಿರುವ ಟೈರುಗಳು. ಕೆಲವು ಕಾರುಗಳು ಕಾರ್ಖಾನೆಯಿಂದಲೇ ಇವುಗಳ ಮೇಲೆ ಬರುತ್ತವೆ ಎಂಬ ಒಂದೇ ಕಾರಣಕ್ಕೆ ಎರಡನೆಯ ಬಾರಿಯೂ ಇವನ್ನೇ ಹಾಕಿಸಬೇಕಿಲ್ಲ. ಒಂದು ಸಣ್ಣ ಲೆಕ್ಕ ನೋಡಿ. ಅನೇಕ ದೇಶಗಳಲ್ಲಿ ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿಲಿಮೀಟರ್, ಮಳೆಯಲ್ಲಿ ಭರವಸೆ ಇಡಬಹುದಾದ ಆಳ ಸುಮಾರು 3 ಮಿಲಿಮೀಟರ್. ಏಳೂವರೆ ಮಿಲಿಮೀಟರಿನ ಸಮ್ಮರ್ ಟೈರಿನಲ್ಲಿ ಮಳೆಗೆ ಒದಗುವ ರಬ್ಬರು ನಾಲ್ಕೂವರೆ ಮಿಲಿಮೀಟರ್ ಇರುತ್ತದೆ. ಐದೂವರೆಯಿಂದ ಆರಂಭವಾಗುವ ಟೈರಿನಲ್ಲಿ ಅದು ಎರಡೂವರೆ ಮಾತ್ರ, ಮತ್ತು ಆ ಎರಡೂವರೆಯೂ ಹೆಚ್ಚು ವೇಗವಾಗಿ ಸವೆಯುವ ರಬ್ಬರು. ಸಾಲದ್ದಕ್ಕೆ, ಪ್ರತಿ ಸಲ ಜೋರಾಗಿ ಬಿಸಿಯಾಗಿ ತಣಿದಾಗಲೂ ಈ ಮಿಶ್ರಣಗಳು ಸ್ವಲ್ಪಸ್ವಲ್ಪ ಗಟ್ಟಿಯಾಗುತ್ತ ಹೋಗುವುದರಿಂದ, ಟ್ರೆಡ್ ಉಳಿದಿದ್ದರೂ ಹಿಡಿತ ಹೋಗಿರಬಹುದು. ಟ್ರ್ಯಾಕೇ ಮುಖ್ಯ, ರಸ್ತೆ ಕೇವಲ ಅಲ್ಲಿಗೆ ತಲುಪುವ ದಾರಿ ಎನ್ನುವವರಿಗೆ ಇವು. ಅವರೂ ಎರಡನೆಯ ಸೆಟ್ ರಿಮ್ಮುಗಳನ್ನು ಇಟ್ಟುಕೊಂಡರೆ ಒಳಿತು.

ಕಾರಿನ ಸ್ವಭಾವ

ಒಂದೇ ಟೈರು ಎರಡು ಕಾರುಗಳಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. ಮಜ್ದಾ ಎಂಎಕ್ಸ್-5ರಂಥ ಒಂದು ಟನ್ನಿನ ಆಸುಪಾಸಿನ ಕಾರಿನಲ್ಲಿ ಸಂತೋಷ ಇರುವುದು ಹಿಡಿತದ ಎತ್ತರದಲ್ಲಲ್ಲ, ಹಿಡಿತ ಬಿಡುವ ಸೊಗಸಿನಲ್ಲಿ. ಟೊಯೊಟಾ ತನ್ನ ಮೊದಲ 86 ಕಾರನ್ನು ಹಲವು ಮಾರುಕಟ್ಟೆಗಳಲ್ಲಿ ಮಿಶಲಿನ್ ಪ್ರೈಮಸಿ ಎಚ್‌ಪಿ ಎಂಬ, ಸಾಮಾನ್ಯ ಕುಟುಂಬದ ಕಾರುಗಳಿಗೂ ಹೊಂದುವ ಟೈರಿನ ಮೇಲೆ ಕಳಿಸಿದ್ದಕ್ಕೆ ಜಿಪುಣತನ ಕಾರಣವಲ್ಲ; ಕಡಿಮೆ ವೇಗದಲ್ಲೇ ಕಾರಿನ ಸಮತೋಲನ ಚಾಲಕನಿಗೆ ಅನುಭವಕ್ಕೆ ಬರಲಿ ಎಂಬ ಆಲೋಚನೆ ಅದರ ಹಿಂದಿತ್ತು. ಅಂಥ ಕಾರಿಗೆ 200 ಅಂಕದ ಅಗಲವಾದ ಟೈರು ಹಾಕಿದರೆ ಕಾರು ವೇಗವಾಗುತ್ತದೆ, ಮಜಾ ಕಡಿಮೆಯಾಗುತ್ತದೆ. ಭಾರವೂ ಶಕ್ತಿಯೂ ಹೆಚ್ಚಿರುವ ಹಿಂಚಕ್ರದ ಕಾರಿಗೆ ತದ್ವಿರುದ್ಧ: ಒದ್ದೆಯಲ್ಲಿ ಆ ಶಕ್ತಿಯನ್ನು ನೆಲಕ್ಕೆ ಇಳಿಸಬಲ್ಲ ಅತ್ಯುತ್ತಮ ಸಮ್ಮರ್ ಟೈರಿನಲ್ಲಿ ಹಣ ಉಳಿಸಲು ಹೋಗಬಾರದು.

ಪೋರ್ಷೆಯ ಎನ್, ಬಿಎಂಡಬ್ಲ್ಯುನ ನಕ್ಷತ್ರ, ಮರ್ಸಿಡಿಸ್‌ನ ಎಂಒ, ಔಡಿಯ ಎಒ ಮುಂತಾದ ಗುರುತುಗಳು ಆ ಕಾರಿಗಾಗಿ ಹೊಂದಿಸಿದ ಆವೃತ್ತಿಯನ್ನು ಸೂಚಿಸುತ್ತವೆ. ಎಂಜಿನ್ ಹಿಂದಿರುವ ಪೋರ್ಷೆ 911ರಂಥ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳ ಹೊಂದಾಣಿಕೆ ಸೂಕ್ಷ್ಮವಾದ್ದರಿಂದ ಗುರುತುಳ್ಳ ಟೈರನ್ನೇ ಕೊಳ್ಳುವುದು ವಾಸಿ. ಬೇರೆ ಕಾರುಗಳಲ್ಲಿ ಗುರುತಿಲ್ಲದ ಹೊಸ ಮಾದರಿ ಹಳೆಯ ಗುರುತಿನ ಟೈರಿಗಿಂತ ಚೆನ್ನಾಗಿರುವುದೂ ಉಂಟು. ವಾರಂಟಿ ಇರುವವರು ಅದರ ಷರತ್ತು ಓದಿಕೊಳ್ಳಬೇಕು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರಿನಲ್ಲಿ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಕ್ಷೇಮ, ಸುತ್ತಳತೆಯ ಸಣ್ಣ ವ್ಯತ್ಯಾಸವೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಹೊರೆಯಾಗುತ್ತದೆ.

ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್-ಫ್ಲಾಟ್ ಟೈರಿನ ಮೇಲೆ ಬಂದ ಕಾರಿಗೆ ಸಾಮಾನ್ಯ ಟೈರು ಹಾಕಿಸಿದರೆ ಸವಾರಿ ಮೃದುವಾಗುತ್ತದೆ, ಸ್ಟಿಯರಿಂಗ್ ಸಹಜವಾಗುತ್ತದೆ. ಆದರೆ ಇಂಥ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಪಂಕ್ಚರ್ ಆದ ಮೇಲೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಹೋಗುವ ಅನುಕೂಲವನ್ನು ಬಿಟ್ಟುಕೊಡುತ್ತಿದ್ದೀರಿ ಎಂಬುದು ನೆನಪಿರಲಿ. ಪಂಕ್ಚರ್ ಕಿಟ್ ಮತ್ತು ಗಾಳಿ ತುಂಬುವ ಪಂಪು ಕಾರಿನಲ್ಲಿ ಇರಲೇಬೇಕು.

ಅಗಲ ಹೆಚ್ಚಿಸುವ ಆಸೆ

ಹೊಸ ಟೈರು ಕೊಳ್ಳುವಾಗ ಒಂದು ಅಳತೆ ಅಗಲವಾದದ್ದನ್ನು ಹಾಕಿಸುವ ಆಸೆ ಹಲವರಿಗೆ ಬರುತ್ತದೆ. ಕಾರಿನ ತೂಕವೂ ಗಾಳಿಯ ಒತ್ತಡವೂ ಅಷ್ಟೇ ಇದ್ದರೆ ನೆಲಕ್ಕೆ ತಾಗುವ ಮೈಯ ವಿಸ್ತೀರ್ಣ ಹೆಚ್ಚೇನೂ ಬದಲಾಗುವುದಿಲ್ಲ; ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ತಿರುವಿನಲ್ಲಿ ಅದರಿಂದ ಲಾಭ ಇದೆ, ನಿಂತ ನೀರಿನಲ್ಲಿ ನಷ್ಟ ಇದೆ. ರಿಮ್ಮಿನ ಅಗಲ ಹೊಂದದಿದ್ದರೆ ಸೈಡ್‌ವಾಲ್ ಒಳಕ್ಕೆ ಬಾಗಿ ಬಳುಕಿ, ಅಗಲದಿಂದ ಗಳಿಸಿದ್ದನ್ನು ಸ್ಪಂದನೆಯಲ್ಲಿ ಕಳೆದುಕೊಳ್ಳುತ್ತೀರಿ. 245/40 ಆರ್18 ಟೈರಿಗೆ ಒಪ್ಪುವ ರಿಮ್ 8 ಇಂಚಿನಿಂದ ಒಂಬತ್ತೂವರೆ ಇಂಚಿನವರೆಗೆ. ಒಟ್ಟು ವ್ಯಾಸವನ್ನೂ ಲೆಕ್ಕ ಹಾಕಿ: 225/45 ಆರ್17ರ ವ್ಯಾಸ ಸುಮಾರು 634 ಮಿಲಿಮೀಟರ್, 225/40 ಆರ್18ರದ್ದು 637, ಇಂಥ ಬದಲಾವಣೆ ಸ್ಪೀಡೋಮೀಟರಿಗೂ ಎಬಿಎಸ್‌ಗೂ ತೊಂದರೆ ಕೊಡುವುದಿಲ್ಲ. ದೊಡ್ಡ ರಿಮ್ಮಿನ ಟೈರಿಗೆ ಬೆಲೆ ಹೆಚ್ಚು, ಹೊಂಡಕ್ಕೆ ಬಿದ್ದರೆ ರಿಮ್ ಬಾಗುವ ಸಾಧ್ಯತೆ ಹೆಚ್ಚು. ಕಾರ್ಖಾನೆ ಒಪ್ಪಿದ ಅಳತೆಗಳಲ್ಲಿ ಸಣ್ಣ ರಿಮ್ಮಿನದನ್ನು ಆರಿಸಿ, ಉಳಿದ ಹಣದಲ್ಲಿ ಒಳ್ಳೆಯ ಟೈರು ಕೊಳ್ಳುವುದು ನನ್ನ ಸಲಹೆ.

ಹಣದ ಲೆಕ್ಕ

ಟೈರಿನ ಬೆಲೆಯನ್ನು ಅಂಗಡಿಯ ಚೀಟಿಯಲ್ಲಿ ನೋಡದೆ ಕಿಲೋಮೀಟರಿಗೆ ಹಂಚಿ ನೋಡಬೇಕು. ಉದಾಹರಣೆಗಾಗಿ ಹೀಗೆ ಊಹಿಸಿಕೊಳ್ಳಿ: ಒಂದು ಟೈರಿನ ಬೆಲೆ 100, ಅದು 40,000 ಕಿಲೋಮೀಟರ್ ಬಾಳುತ್ತದೆ, ಇನ್ನೊಂದರ ಬೆಲೆ 80, ಬಾಳುವುದು 25,000. ಸಾವಿರ ಕಿಲೋಮೀಟರಿಗೆ ಮೊದಲನೆಯದಕ್ಕೆ ಎರಡೂವರೆ, ಎರಡನೆಯದಕ್ಕೆ 3.2. ಪ್ರತಿ ಸಲದ ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಖರ್ಚನ್ನೂ ಸೇರಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ. ಆದರೆ ಈ ತರ್ಕಕ್ಕೂ ಒಂದು ಮಿತಿ ಇದೆ. ವಾರಾಂತ್ಯದಲ್ಲಿ ಮಾತ್ರ ಹೊರಗೆ ಬರುವ, ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡುವ ಕಾರಿನ ಟೈರು ಸವೆಯುವುದಕ್ಕೆ ಮೊದಲೇ ವಯಸ್ಸಾಗಿ ಗಟ್ಟಿಯಾಗುತ್ತದೆ. ಅಂಥವರಿಗೆ ಬಾಳಿಕೆಯ ಅಂಕ ಅಪ್ರಸ್ತುತ. ಬೇಗ ಸವೆಯುವುದಾದರೂ ಸ್ಪಂದನೆ ಚೆನ್ನಾಗಿರುವ ಟೈರನ್ನು ಅವರು ಧೈರ್ಯವಾಗಿ ಆರಿಸಬಹುದು. ದಿನವೂ ಹೆದ್ದಾರಿಯಲ್ಲಿ ಓಡುವವರಿಗೆ ಬಾಳಿಕೆ, ಸದ್ದು, ಮಳೆಯ ಬ್ರೇಕ್ ಮೂರೇ ಮುಖ್ಯ.

ಬಜೆಟ್ ನಿಜವಾಗಿಯೂ ಬಿಗಿಯಾಗಿದ್ದರೆ, ಹೆಸರಾಂತ ಕಂಪನಿಯ ಒಂದು ಮೆಟ್ಟಿಲು ಕೆಳಗಿನ ಸಮ್ಮರ್ ಟೈರನ್ನು ನಾಲ್ಕೂ ಚಕ್ರಕ್ಕೆ ಹಾಕಿಸಿ. ಎರಡು ದುಬಾರಿ ಟೈರು ಹಿಂದೆ, ಸಿಕ್ಕಿದ ಎರಡು ಮುಂದೆ ಎಂಬ ಏರ್ಪಾಡು ಸ್ಪೋರ್ಟ್ಸ್ ಕಾರಿಗೆ ಹೊಂದುವುದಿಲ್ಲ. ಮುಂದೆ ಹಿಂದೆ ಹಿಡಿತದ ಅನುಪಾತ ಬದಲಾದರೆ ತುರ್ತಿನಲ್ಲಿ ಕಾರು ಹೇಗೆ ತಿರುಗೀತೆಂದು ಊಹಿಸುವುದೇ ಕಷ್ಟ. ಎರಡನ್ನು ಮಾತ್ರ ಬದಲಿಸಬೇಕಾಗಿ ಬಂದರೆ ಅದೇ ಮಾದರಿಯನ್ನೇ ತನ್ನಿ, ಮತ್ತು ಹಿಂದೆ ಮುಂದೆ ಒಂದೇ ಅಳತೆಯಿದ್ದಲ್ಲಿ ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಮುಂದಿನವು ಜಾರಿದರೆ ಸ್ಟಿಯರಿಂಗ್ ತಿಳಿಸುತ್ತದೆ, ಹಿಂದಿನವು ಜಾರಿದರೆ ಕಾರು ತಿರುಗಿಯೇ ಬಿಟ್ಟಿರುತ್ತದೆ.

ಕೊಳ್ಳುವಾಗ ಮತ್ತು ಹಾಕಿಸಿದ ಮೇಲೆ

ಪರೀಕ್ಷೆಗಳ ಫಲಿತಾಂಶ ಓದುವಾಗ ಯಾವ ಅಳತೆಯ ಟೈರನ್ನು, ಯಾವ ಕಾರಿನಲ್ಲಿ, ಎಷ್ಟು ಡಿಗ್ರಿ ತಾಪದಲ್ಲಿ ಪರೀಕ್ಷಿಸಿದರು ಎಂಬುದನ್ನು ಮೊದಲು ನೋಡಿ. ಮುಂಚಕ್ರದ ಹ್ಯಾಚ್‌ಬ್ಯಾಕಿನಲ್ಲಿ ಗೆದ್ದ ಟೈರು ನಿಮ್ಮ ಕಾರಿನಲ್ಲೂ ಗೆಲ್ಲಬೇಕೆಂದಿಲ್ಲ. ಅಂಗಡಿಯಲ್ಲಿ ಟೈರು ಇಳಿಸಿದ ಕೂಡಲೇ ಸೈಡ್‌ವಾಲಿನ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಓದಿ: 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ನಾಲ್ಕೂ ಹತ್ತಿರ ಹತ್ತಿರದ ವಾರಗಳದ್ದಾಗಿರಲಿ, ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ಬೆಲೆ ಇಳಿಸಲು ಕೇಳಿ ಅಥವಾ ಬೇರೆ ತರಿಸಿ. ಅಸಿಮೆಟ್ರಿಕ್ ಟೈರಿನಲ್ಲಿ ಹೊರಮುಖ ಎಂದು ಬರೆದ ಬದಿ ಹೊರಗೇ ಬಂದಿದೆಯೇ ಎಂದು ನೀವೇ ಕಣ್ಣಾರೆ ನೋಡಿಕೊಳ್ಳಿ.

ಹಳೆಯ ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಹೊಸದನ್ನು ಹಾಕುವ ಮೊದಲು ಅಲೈನ್‌ಮೆಂಟ್ ಸರಿಪಡಿಸಲೇಬೇಕು. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ತಪ್ಪಿದ್ದರೆ ಅತಿ ಒಳ್ಳೆಯ ಟೈರೂ ಅರ್ಧ ಆಯುಸ್ಸಿಗೇ ಮುಗಿಯುತ್ತದೆ. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಇಡಿ. ಹವೆ ಹತ್ತು ಡಿಗ್ರಿ ತಣ್ಣಗಾದರೆ ಒತ್ತಡ ಸುಮಾರು 2 ಪಿಎಸ್‌ಐ ಇಳಿಯುತ್ತದೆಯಾದ್ದರಿಂದ ಋತು ಬದಲಾದಾಗ ಮತ್ತೆ ನೋಡಬೇಕು. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಸವರಿದ ಪದಾರ್ಥದ ಪದರ ಉಳಿದಿರುತ್ತದೆ, ಆಳವಾದ ಹೊಸ ಬ್ಲಾಕುಗಳೂ ಸ್ವಲ್ಪ ಬಳುಕುತ್ತವೆ. ಮೊದಲ ಕೆಲವು ನೂರು ಕಿಲೋಮೀಟರ್ ಬಿರುಸಾದ ಬ್ರೇಕು, ತಿರುವುಗಳಿಗೆ ಹೋಗದೆ ಓಡಿಸಿ. ಟೈರು ಸರಿಯಿದೆಯೋ ಇಲ್ಲವೋ ಎಂಬ ತೀರ್ಪನ್ನೂ ಅಲ್ಲಿಯವರೆಗೆ ತಡೆದಿಟ್ಟುಕೊಳ್ಳಿ.